ರೇಸಿಗೂ ಮೊದಲು

ರಾಯಚೂರಿನ ಹೃದಯದ ದವಾಖಾನೆಯಲ್ಲಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ದೇವದುರ್ಗದ ಕಡೆ ಹವ್ಯಾಸಿಗಳ ಕಾರ್ ರೇಸ್ ನಡೆಸುವ ಯಮನೂರಪ್ಪ ಕೂತಿದ್ದ. ಜೊತೆಗಿದ್ದ ಹಾಲೇಶ ಈ ಸಲ ಓಡಿಸುವವನು. ಅವರ ಮಾತಿನಿಂದಲೇ ಇಷ್ಟು ತಿಳಿಯಿತು.

"ಶೋಕಿಗೆ ಓಡಿಸೋರಿಗೆ ಡಾಕ್ಟರ್ ಯಾಕ್ರೀ ಅಣ್ಣಾ?" ಅಂದ ಹಾಲೇಶ.

"ಹೋದ ಸಲ ಓಡಿಸಿದ ಬಸವಪ್ರಸಾದನೂ ಹಂಗೇ ಅಂದಿದ್ದ. ನಾನೂ ಹೂಂ ಅಂದು ಬಿಟ್ಟೆ."

"ಅವನ ಬ್ರೇಕ್ ಫೇಲಾಗಿತ್ತಂತಲ್ರೀ?"

"ಬ್ರೇಕ್ ಬರೋಬ್ಬರಿ ಇತ್ತು. ತಿರುವಿನಾಗ ಕಾರು ತಿರುಗಲಿಲ್ಲ, ನೆಟ್ಟಗ ಹೊಲಕ್ಕ ಹೋತು. ಓಡಿಹೋಗಿ ಬಾಗಿಲಾ ತೆಗದೆ. ಮೈಮ್ಯಾಲೆ ಒಂದು ಗಾಯ ಇರಲಿಲ್ಲ. ಕಾರು ಹೊಲಕ್ಕ ಹೋಗೂಕಿಂತ ಮೊದಲ ಎದಿ ನಿಂತಿತ್ತು. ಕಾಲು ಎಕ್ಸಲೇಟರ್ ಮ್ಯಾಲೇ ಇತ್ತು, ಇಂಜಿನ್ ಒದರಾಕತ್ತಿತ್ತು. ಆ ಸಪ್ಪಳ ಈಗೂ ಕೇಳ್ತದ."

ಹಾಲೇಶ ದನಿ ತಗ್ಗಿಸಿದ.

"ಅಣ್ಣಾ, ಹೋದ ವಾರ ಮಾನ್ವಿ ರಸ್ತೆದಾಗ ಕಾರು ಹೊಡಿಯುವಾಗ ಕಣ್ಣಿಗೆ ಕತ್ತಲಿ ಬಂತು. ಎಚ್ಚರಾದಾಗ ಕಾರು ರಸ್ತಿ ಬಿಟ್ಟು ಇಳದಿತ್ತು."

"ಒಬ್ಬನೇ ಇದ್ದೇನು?"

"ನನ್ನ ಹೆಂಡ್ತಿ ರಾಧಾ ಮಗ್ಗಲದಾಗ ಕೂಸಿನ್ನ ಹಿಡಕೊಂಡು ನಿದ್ದಿ ಹೋಗಿದ್ಲು. ಆಕಿಗೆ ಇನ್ನೂ ಹೇಳಿಲ್ಲ."

ನರ್ಸ್ ಹಾಲೇಶನ ಹೆಸರು ಕರೆದಳು.

"ಒಳಗ ಇದನ್ನೂ ಹೇಳಬೇಕೇನ್ರೀ?"

"ಇದನ್ನ ಮೊದಲ ಹೇಳು. ಹೋಗುವಾಗ ಕಾರು ನಾ ಹೊಡೀತೀನಿ. ಕೀಲಿ ಕೊಡು."

ಹಾಲೇಶ ಕಿಸೆಯಿಂದ ಕೀಲಿ ತೆಗೆದು ಯಮನೂರಪ್ಪನ ಕೈಗಿಟ್ಟು, ಡಾಕ್ಟರ ಕೋಣೆಯೊಳಗೆ ಹೋದ.