ಹೆಸರು ಉಜ್ಜಿದ ಬೈರಿಗೆ

ಮಾಡಿದ ಕಳ್ಳತನ ಒಪ್ಪಿಕೊಳ್ಳೋದು ಸುಲಭ, ನೋಡ್ರಪ್ಪಾ. ನನಗೆ ಒಪ್ಪಿಕೋ ಅಂದದ್ದು ಮಾಡದ ಕಳ್ಳತನ. ಐವತ್ತರ ದಶಕ, ಮುಂಬಯಿಯ ವಿಕ್ರೋಳಿಯಲ್ಲಿ ಒಂದು ಕಾರ್ಖಾನೆ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದೆ, ಕುರ್ಚಿಯ ಕೆಲಸ ಸಿಗಲಿಲ್ಲ, ಫಿಟ್ಟರ್ ಆದೆ. ಕಬ್ಬಿಣ ಕೊರೆಯುವ ನನ್ನ ಕೈಬೈರಿಗೆ ಬಸಪ್ಪಣ್ಣ ಕೊಟ್ಟದ್ದು. ಬೆಳಗಾವಿ ಕಡೆಯ ಹಳೇ ಫಿಟ್ಟರ್, ಚಾಳಿನಲ್ಲಿ ನನ್ನ ಪಕ್ಕದ ಖೋಲಿ. ಕೆಲಸ ಬಿಟ್ಟು ಊರಿಗೆ ಹೊರಟ ದಿನ, ಹಿಡಿಯ ಮೇಲಿದ್ದ ತನ್ನ ಹೆಸರನ್ನು ಅರದಿಂದ ಉಜ್ಜಿ ತೆಗೆದ. "ಯಾಕಣ್ಣಾ?" ಅಂದೆ. "ಕೊಟ್ಟ ಮ್ಯಾಲ ನನ್ನ ಹೆಸರ್ಯಾಕೋ ಅದರಾಗ? ಇನ್ನ ಇದು ನಿಂದು." ಹಳೇ ಫಿಟ್ಟರುಗಳೆಲ್ಲ ಹಾಗೇ ಮಾಡುತ್ತಿದ್ದರು.

ಆ ಉಜ್ಜಿದ ಜಾಗ ನಮ್ಮ ಫೋರ್‌ಮನ್ ಕಣ್ಣಿಗೆ ಬಿತ್ತು. ಉಡುಪಿ ಕಡೆಯವರು. "ಏನು ಬಿಯೆಸ್ಸಿ, ಕಂಪನಿ ನಂಬರ್ ಉಜ್ಜಿದ್ದಾ? ಕಾಲೇಜಲ್ಲಿ ಇದನ್ನೇ ಕಲಿಸಿದ್ದಾ ಮಾರಾಯ?" ಸ್ಟೋರಿನಿಂದ ಒಂದು ಜರ್ಮನ್ ಬೈರಿಗೆ ಕಾಣೆಯಾಗಿತ್ತು, ಅದು ನಿಜ. "ಕದ್ದೆ ಅಂತ ಬರೆದುಕೊಡು, ಕೆಲಸ ಉಳಿಸ್ತೇನೆ. ಇಲ್ಲಾಂದ್ರೆ ನಾಡಿದ್ದು ಗೇಟಿನ ಹೊರಗೆ." "ಬರೆಯೋದಿಲ್ಲ," ಅಂದೆ. ಬಸಪ್ಪಣ್ಣನಿಗೆ ಕಾಗದ ಹಾಕಿದರೆ ಉತ್ತರಕ್ಕೆ ವಾರ ಬೇಕು. ನನಗಿದ್ದದ್ದು ಎರಡು ದಿನ. ಸಂಜೆ ಬೈರಿಗೆಯ ಹಲ್ಲಿನ ಚಕ್ರ ಬಿಚ್ಚಿ ಸೀಮೆಎಣ್ಣೆಯಲ್ಲಿ ಒರೆಸಿದೆ. ಜಿಡ್ಡಿನಡಿ ಒಂದು ಲಂಗರಿನ ಗುರುತು, ಕೆಳಗೆ 'ಜರ್ಮನಿ'. ಮರುದಿನ ರಜೆ ಹಾಕಿ ಲೋಕಲ್ ಹಿಡಿದು ಫೋರ್ಟ್ ಪೇಟೆಯಲ್ಲಿ ಕೆಲಸದ ಹತ್ಯಾರು ಮಾರುವ ಅಂಗಡಿಗೆ ಹೋದೆ. ಅಲ್ಲ, ಅದಕ್ಕೆ ಮೊದಲು ಎರಡು ಅಂಗಡಿಯವರು ಹೊರಗೆ ಕಳಿಸಿದ್ದರು, ಇದು ಮೂರನೆಯದು. ಪಾರ್ಸಿ ಮುದುಕ ಭೂತಗನ್ನಡಿ ಹಿಡಿದ. "ಅರೆ ಡೀಕ್ರಾ, ಮಗನೇ, ಇದು ಜರ್ಮನಿಯ ರೆಮ್‌ಶೈಡ್ ಊರಿನ ಮಾಲು!" ಧೂಳು ಕೊಡವಿ ಹಳೇ ಕ್ಯಾಟಲಾಗ್ ತೆಗೆದ: ಅದೇ ಲಂಗರು, ಅದೇ ಬೈರಿಗೆ. "ಇದನ್ನು ಮಾಡಿದ ಕಾರ್ಖಾನೆ ಯುದ್ಧದಲ್ಲಿ ಸುಟ್ಟುಹೋಯ್ತು. ನಿನ್ನ ಕಂಪನಿ ಶುರುವಾದದ್ದು ಯಾವಾಗ?" "ಯುದ್ಧ ಮುಗಿದ ಎಷ್ಟೋ ವರ್ಷಕ್ಕೆ. ಎಲ್ಲಾ ಹೊಸ ಮಾಲು." "ಹಾಗಾದ್ರೆ ಅವರದರ ಮೇಲೆ 'ವೆಸ್ಟರ್ನ್ ಜರ್ಮನಿ' ಅಂತ ಇರ್ತದೆ. ಜರ್ಮನಿ ಒಡೆದು ಎರಡಾದ ಮೇಲೆ ಹಾಗೇ ಒತ್ತುತ್ತಾರೆ. ಹೋಗಿ ನೋಡು." ಕ್ಯಾಟಲಾಗನ್ನೇ ಕೈಗಿಟ್ಟ.

ಗಡುವಿನ ದಿನ ಅದನ್ನೂ ನನ್ನ ಬೈರಿಗೆಯನ್ನೂ ಫೋರ್‌ಮನ್ ಮೇಜಿನ ಮೇಲಿಟ್ಟೆ. ಸ್ಟೋರಿನ ಉಳಿದ ಬೈರಿಗೆಗಳನ್ನು ತರಿಸಿ ಅಂದೆ. ಐದು ಬಂದವು. ಐದರ ಮೇಲೂ 'ವೆಸ್ಟರ್ನ್ ಜರ್ಮನಿ'. ಒಂದರ ಮೇಲೂ ಲಂಗರಿಲ್ಲ. ಫಿಟ್ಟರುಗಳೆಲ್ಲ ಸುತ್ತ ನಿಂತಿದ್ದರು. ಫೋರ್‌ಮನ್ ಕನ್ನಡಕ ಒರೆಸಿಕೊಂಡರು. "ಆಯ್ತು ಮಾರಾಯ, ತಕ್ಕೊಂಡು ಹೋಗು. ಮಾತು ಬೆಳೆಸುವುದು ಬೇಡ."

"ಮಾತು ಬೆಳೆಸಿದ್ದು ನೀವು. ಈಗ ಬರೆಯಿರಿ, ಇವನು ಕದ್ದಿಲ್ಲ ಅಂತ. ಇಲ್ಲೇ, ಇವರೆಲ್ಲರ ಮುಂದೆ."

"ಕೆಲಸ ಬೇಡವಾ ನಿಂಗೆ?"

"ಬೇಕು. ಬರೆಯಿರಿ."

ಬರೆದರು. ಅಷ್ಟೇ. ಮಾಡದ ತಪ್ಪಿಗೆ ಸಹಿ ಹಾಕಿದ ಕೈಯಲ್ಲಿ ಉಂಡರೆ ಅನ್ನ ರುಚಿ ಹತ್ತೋದಿಲ್ಲ, ತಿಳೀತಾ? ಏಳ್ರಿ ಊಟಕ್ಕ, ತಾಟು ಹಾಕ್ಯಾರ.