ಏರು ಹತ್ತದ ಬಸ್ಸು

ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹುಣಸೂರಿನಲ್ಲಿ ಕೋಟೆ ಊರಿನ ಬಸ್ಸಿಗೆ ಕಾಯುತ್ತಿದ್ದ ನನಗೆ ಡ್ರೈವರ್ ಸೋಮಯ್ಯ, ರಿಪೇರಿಯ ಮುದ್ದಯ್ಯನವರ ಮಾತು ಕೇಳಿಸಿತು.

"ಮೇಸ್ತ್ರಿ, ಇಂಜಿನ್ನಿನ ಭಾರದ ಚಕ್ರ, ಆ ಫ್ಲೈವೀಲ್ ಕೆರೆದು ಅಗುರ ಮಾಡಿ. ಇಂಜಿನ್ನಿಗೆ ಕುದುರೆಶಕ್ತಿ ಜಾಸ್ತಿಯಾಯ್ತದಂತೆ."

"ಆಗಾಕಿಲ್ಲ ಕಣಪ್ಪ. ಇಂಜಿನ್ನು ಬೇಗ ವೇಗ ಹಿಡೀತದೆ, ಅಷ್ಟೇ. ಏರಲ್ಲಿ ಬೇಗ ನಿಂತೂ ಓಯ್ತದೆ."

"ಓದ ವಾರ ಈ ಬಸ್ಸು ಏರಲ್ಲೇ ನಿಂತೋಯ್ತು. ತುಂಬಿದ ಬಸುರಿ, ನನ್ ತಂಗಿ, ಆಸ್ಪತ್ರೆಗೆ ನಡ್ಕಂಡೇ ಓದ್ಲು."

"ನಿನ್ ಕ್ಲಚ್ಚು ಜಾರ್ತಾ ಅದೆ. ಇರೋ ಶಕ್ತಿ ಗಾಲಿಗೆ ಮುಟ್ತಾ ಇಲ್ಲ."

"ಕ್ಲಚ್ಚು ಬದಲಾಯಿಸಿದ್ರೆ?"

"ಒಸ ಶಕ್ತಿ ಬರಾಕಿಲ್ಲ. ಇರೋದು ಪೂರಾ ಸಿಕ್ತದೆ."

"ಅಷ್ಟು ಸಾಕು, ಬಿಚ್ಚಿ. ನಾಳೆ ಅವಳೂ ಮಗೂ ಇದರಲ್ಲೇ ಊರಿಗೆ ಬತ್ತಾರೆ. ಏರಲ್ಲಿ ಇಳ್ಸಾಕಿಲ್ಲ."

ಇಬ್ಬರೂ ನಾವು ಕಾಯುತ್ತಿದ್ದ ಆ ಬಸ್ಸನ್ನೇ ರಿಪೇರಿ ಷೆಡ್ಡಿನತ್ತ ತಳ್ಳತೊಡಗಿದರು. ಕಾಯುತ್ತಿದ್ದವರಲ್ಲಿ ನಾಲ್ವರು ಎದ್ದುಹೋಗಿ ಕೈಹಾಕಿದರು.