ಕೆಳಗೆ ಬಾವಿ ಇಲ್ಲ

ಬಾಗಿಲು ಹಾಕಿದಿರಾ? ಹಾಗಾದರೆ ಕೇಳಿ. ಇದು ಅವರಿವರ ಬಾಯಲ್ಲಿ ಬಂದ ಕತೆಯಲ್ಲ. ನಮ್ಮ ಪಕ್ಕದ ಮನೆ ಕದಿರಪ್ಪನ ಮಗಳು ಶ್ಯಾಮಲಾಗೆ ಈ ಜನವರಿಯಲ್ಲಿ ಆದದ್ದು.

ಡೆಂಕಣಿಕೋಟೆ ರಸ್ತೆಯ ಕ್ರಾಸಿನಲ್ಲಿ ಕಂಪನಿ ಬಸ್ಸು ಅವಳನ್ನು ಇಳಿಸಿ ಹೋದಾಗ ರಾತ್ರಿ ಹನ್ನೊಂದೂವರೆ. ಹೊಸೂರಿನ ಫ್ಯಾಕ್ಟರಿಯಲ್ಲಿ ಅವಳಿಗೆ ಸೆಕೆಂಡ್ ಶಿಫ್ಟು. ದಿನಾ ಅಪ್ಪ ಟಾರ್ಚ್ ಹಿಡಿದು ಕ್ರಾಸಿನಲ್ಲಿ ನಿಂತಿರುತ್ತಿದ್ದ. ಅವತ್ತು ಇರಲಿಲ್ಲ. ಬೆಳಿಗ್ಗೆ ಜಗಳ ಆಗಿತ್ತು.

"ಹಿಮದ ಬೆಟ್ಟ ಹತ್ತೋಳ್ಗೆ ಕ್ರಾಸಿಂದ ಮನೆಗ್ ಬರಕ್ಕಾಗಲ್ವಾ?" ಅಂದಿದ್ದ ಅಪ್ಪ.

"ಆಯ್ತದೆ," ಅಂದಿದ್ದಳು ಮಗಳು. ಸೇರಿಗೆ ಸವ್ವಾಸೇರು.

ಜಗಳದ ಮೂಲ ಇಷ್ಟೇ. ಶ್ಯಾಮಲಾ ಮತ್ತು ಅವಳ ಜೊತೆ ಕೆಲಸ ಮಾಡೋ ಚಂದ್ರಲೇಖಾ ಒಂದು ವರ್ಷದಿಂದ ಟೀ ಬ್ರೇಕಿನಲ್ಲಿ ಮೊಬೈಲ್ ಹಿಡಿದು ಒಂದು ಪ್ರವಾಸದ ಲೆಕ್ಕ ಹಾಕುತ್ತಿದ್ದರು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರೋದು, ಸ್ಕೀಯಿಂಗು. ಎಲ್ಲರೂ ಮನಾಲಿ ಅಂತಾರೆ. ಅಲ್ಲಿ ಹಿಮಕ್ಕಿಂತ ಜನ ಹೆಚ್ಚು ಅಂತ ಇವರು ಹುಡುಕಿ ತೆಗೆದದ್ದು ಹಿಮಾಚಲದ ನಾರ್ಕಂಡ. ಸೇಬಿನ ತೋಟ, ದೇವದಾರು ಮರ, ನಡುವೆ ಒಂದು ಇಳಿಜಾರು. ನಮ್ಮ ಕಡೆ ಯಾರೂ ಹೆಸರು ಕೇಳದ ಜಾಗ. ಫೆಬ್ರವರಿ ಹನ್ನೆರಡಕ್ಕೆ ಹೊರಡೋದು, ಹತ್ತು ದಿನ.

ಸೂಪರ್‌ವೈಸರ್ ಉಮಾಶಂಕರ್ ರಜೆ ಚೀಟಿ ನೋಡಿ, ತಮಿಳಿನಲ್ಲಿ, "ನಾಳೈಕ್ಕು ಪಾಕ್ಕಲಾಂಮಾ" ಅಂದ. ನಾಳೆ ನೋಡೋಣಮ್ಮ ಅಂತ. ಮೂರು ವಾರವಾದರೂ ಆ ನಾಳೆ ಬಂದಿರಲಿಲ್ಲ. ಅಮ್ಮ ಮುನಿರತ್ನಮ್ಮ, "ಮದ್ವೆ ಆಗ್ಲಿ, ಗಂಡನ್ ಜತೆ ಹೋಗೀವಂತೆ" ಅಂದಳು. ಇನ್ನೂ ಗೊತ್ತೇ ಆಗದ ಗಂಡ! ಅಪ್ಪ ಮಾತ್ರ "ಜಾರೋದು" ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ಮುದ್ದೆ ಬಿಟ್ಟು ಎದ್ದ. ಮರುದಿನ ರಜೆಗೆ ಸಹಿ ಬೀಳದಿದ್ದರೆ ಚಂದ್ರಲೇಖಾ ಬೇರೆಯವರ ಜೊತೆ ಹೊರಡುವವಳಿದ್ದಳು.

ಆ ಮನೆಯಲ್ಲಿ ಜಾರೋ ಮಾತು ಆಡುವ ಹಾಗಿಲ್ಲ. ಊರ ಮುಂದೆ ಆಲದ ಮರ. ಮರದ ಹಿಂದೆ ಜಾರುಬಂಡೆ. ಬಂಡೆಯ ಬುಡದಲ್ಲಿ ಬಾವಿ. ನಲವತ್ತು ವರ್ಷದ ಹಿಂದೆ ಕದಿರಪ್ಪನ ತಂಗಿ ರಾಧಾಮಣಿ, ಹದಿನಾಲ್ಕರ ಹುಡುಗಿ, ತೆಂಗಿನ ಮಟ್ಟೆ ಮೇಲೆ ಕೂತು ಬಂಡೆ ಮೇಲಿಂದ ಜಾರಿದಳು. ಆಗ ಬಾವಿಗೆ ಕಟ್ಟೆ ಇರಲಿಲ್ಲ... ಅಷ್ಟೇ.

ಸತ್ತ ಮೇಲೂ ಅವಳು ಊರು ಬಿಟ್ಟು ಹೋಗಲಿಲ್ಲ ಅಂತ ಊರಿಗೆಲ್ಲ ಗೊತ್ತು. ರಾತ್ರಿ ಹೊತ್ತು ಒಂಟಿಯಾಗಿ ಬಂದವರನ್ನು ಹಿಂದಿನಿಂದ ಕೇಳುತ್ತಾಳೆ: "ನಾನೂ ಬತ್ತೀನಿ..." ತಿರುಗಿ ನೋಡಬಾರದು. "ನಾಳೆ ಬಾ" ಅಂದು ನಡೆದುಬಿಡಬೇಕು. ಎಲ್ಲರ ಬಾಗಿಲ ಮೇಲೂ ಸುಣ್ಣದಲ್ಲಿ ಅದನ್ನೇ ಬರೆದಿತ್ತು, ಕದಿರಪ್ಪನ ಬಾಗಿಲ ಮೇಲೂ.

ಸರಿ. ಶ್ಯಾಮಲಾ ನಡೆದಳು. ಬೆಳದಿಂಗಳು. ಜನವರಿಯ ಚಳಿ. ದೂರದಲ್ಲಿ ಯಾರದೋ ಪಂಪ್‌ಸೆಟ್ಟು ಗೊಂಯ್ ಅನ್ನುತ್ತಿತ್ತು. ಆಲದ ಮರದ ಹತ್ತಿರ ಬಂದಳು... ಪಂಪ್‌ಸೆಟ್ಟು ನಿಂತಿತು. ಜೀರುಂಡೆಯೂ ನಿಂತಿತು.

ಜರ್ರ್ರ್ರ್...

ನಮ್ಮ ಕಡೆ ಕಾಡಾನೆ ಬರೋದುಂಟು, ಆನೆ ಇರಬಹುದು ಅಂತ ನಿಂತಳು. ಆನೆಯಾದರೆ ಕೊಂಬೆ ಮುರಿಯೋ ಸದ್ದು, ಉಸಿರಿನ ಸದ್ದು. ಇದು ಒಣ ಮಟ್ಟೆ ಕಲ್ಲಿನ ಮೇಲೆ ಉಜ್ಜೋ ಸದ್ದು. ಮೇಲಿಂದ ಕೆಳಗೆ... ಬಾವಿಯ ಹತ್ತಿರ ಬಂದು ನಿಂತಿತು. ಆಮೇಲೆ ಬರಿಗಾಲು. ಪಟ್... ಪಟ್... ಪಟ್... ಬಂಡೆ ಹತ್ತಿತು. ಗಾಜಿನ ಬಳೆ ಗಲ್ ಅಂತು. ಮತ್ತೆ ಜರ್ರ್ರ್ರ್...

ಶ್ಯಾಮಲಾ ಜೋರಾಗಿ ನಡೆದಳು. ಬೆನ್ನ ಹಿಂದೆಯೇ, ಕಿವಿಯ ಹತ್ತಿರ, ಪಿಸುದನಿ.

"ನಾನೂ ಬತ್ತೀನಿ..."

ನಾಲಿಗೆ ತುದಿಗೆ ಬಂದಿತ್ತು, ನಾಳೆ ಬಾ. ಬಾಯಿ ತೆರೆದಳು... ಆಗ ಉಮಾಶಂಕರನ ಮುಖ ನೆನಪಾಯಿತು. ನಾಳೈಕ್ಕು ಪಾಕ್ಕಲಾಂಮಾ. ಅವಳಿಗೆ ಸಿಟ್ಟು ಬಂತು. ಹೆದರಿಕೆಗಿಂತ ದೊಡ್ಡ ಸಿಟ್ಟು. ಈ ಹುಡುಗಿಗೆ ನಲವತ್ತು ವರ್ಷದಿಂದ ಇಡೀ ಊರು ಸೇರಿ ಅದನ್ನೇ ಹೇಳುತ್ತಿದೆಯಲ್ಲ ಅಂತ ಹೊಟ್ಟೆ ಉರಿಯಿತು.

ತಿರುಗಿಬಿಟ್ಟಳು. ಯಾರೂ ತಿರುಗಿದ್ದಿಲ್ಲ. ಇವಳು ತಿರುಗಿದಳು.

ಯಾರೂ ಕಾಣಲಿಲ್ಲ. ಬಾವಿಕಟ್ಟೆ ಮೇಲೆ ಒಂದು ತೆಂಗಿನ ಮಟ್ಟೆ ಇತ್ತು. ಅಷ್ಟೇ.

"ನಾಳೆ ಬ್ಯಾಡ ಅತ್ತೆ," ಅಂದಳು. ತನಗಿಂತ ಹದಿನೈದು ವರ್ಷ ಚಿಕ್ಕವಳಾದರೂ ಅಪ್ಪನ ತಂಗಿ ಅತ್ತೆಯೇ ತಾನೆ. "ಫೆಬ್ರವರಿ ಹನ್ನೆರಡು. ಸಂಜೆ ಐದಕ್ಕೆ ಕ್ರಾಸಲ್ಲಿ ಬಸ್ಸು. ಬರಂಗಿದ್ರೆ ಬಾ."

ಬಳೆ ಮತ್ತೆ ಗಲ್ ಅಂತು.

"...ಎಲ್ಲಿಗೆ?"

"ಹಿಮದ ಬೆಟ್ಟಕ್ಕೆ. ಜಾರಕ್ಕೆ."

"...ಕೆಳಗೆ?"

"ಕೆಳಗೆ ಬಾವಿ ಇಲ್ಲ ಅತ್ತೆ," ಅಂದಳು.

ಪಂಪ್‌ಸೆಟ್ಟು ಮತ್ತೆ ಗೊಂಯ್ ಅಂತು.

ಮನೆಯಲ್ಲಿ ಅಪ್ಪ ನಿದ್ದೆ ಮಾಡಿರಲಿಲ್ಲ. ಟಾರ್ಚ್ ಕೈಯಲ್ಲೇ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ಮಗಳು ಚಪ್ಪಲಿ ಬಿಡುತ್ತಾ ಹೇಳಿದಳು. "ನಾನ್ ಹೋಯ್ತೀನಪ್ಪ. ರಾಧಾಮಣಿ ಅತ್ತೇನೂ ಬತ್ತಾಳೆ. ನಾಳೆ ಬಾ ಅನ್ನಲಿಲ್ಲ ನಾನು. ತಾರೀಕು ಕೊಟ್ಟಿದೀನಿ."

ಬೈಯುತ್ತಾನೆ ಅಂದುಕೊಂಡಳು. ಬೈಯಲಿಲ್ಲ. ಟಾರ್ಚ್ ಕೆಳಗಿಟ್ಟು, ನೆಲ ನೋಡಿಕೊಂಡು ಹೇಳಿದ. "ಅವತ್ತು ನಾನು ಸೈಕಲ್ ತಗಂಡು ಡೆಂಕಣಿಕೋಟೆಗೆ ಸಿನಿಮಾಗ್ ಹೊಂಟಿದ್ದೆ. ನಾನೂ ಬತ್ತೀನಣ್ಣ ಅಂತ ಹಿಂದೇನೇ ಓಡಿ ಬಂದ್ಳು. ನಾಳೆ ಬಾ ಅಂದ್ಬುಟ್ಟು ಹೋದೆ."

ಮಗಳ ಹತ್ತಿರ ಇರಲಿ, ಹೆಂಡತಿಯ ಹತ್ತಿರವೂ ಅವನು ಇದನ್ನು ಹೇಳಿರಲಿಲ್ಲ.

ಮರುದಿನ ಶ್ಯಾಮಲಾ ಉಮಾಶಂಕರನ ಮೇಜಿನ ಮುಂದೆ ನಿಂತು, "ನಾಳೆ ಇಲ್ಲ ಸಾರ್, ಈಗ" ಅಂದಳು. ಪೆನ್ನಿನ ಮುಚ್ಚಳ ತೆಗೆದೇ ಕೈಗೆ ಕೊಟ್ಟಳು. ಅವನು ಅವಳ ಮುಖ ನೋಡಿ ಸಹಿ ಹಾಕಿದ.

ಫೆಬ್ರವರಿ ಹನ್ನೆರಡಕ್ಕೆ ಕದಿರಪ್ಪ ಡೆಂಕಣಿಕೋಟೆಗೆ ಹೋಗಿ ಒಂದು ಕೆಂಪು ಸ್ವೆಟರ್ ತಂದ. ಹದಿನಾಲ್ಕು ವರ್ಷದವರ ಅಳತೆ. ಯಾರಿಗೆ ಅಂತ ಅಂಗಡಿಯವನು ಕೇಳಿದ್ದಕ್ಕೆ "ತಂಗಿಗೆ" ಅಂದನಂತೆ. ಸಂಜೆ ಅದನ್ನು ಬಾವಿಕಟ್ಟೆ ಮೇಲೆ ಇಟ್ಟು ಮಗಳನ್ನು ಕ್ರಾಸಿಗೆ ಬಿಟ್ಟು ಬಂದ. ವಾಪಸ್ ಬರುವಾಗ ಸ್ವೆಟರ್ ಇರಲಿಲ್ಲ. ಯಾರೋ ಹುಡುಗರು ಎತ್ತಿಕೊಂಡಿರಬೇಕು ಅಂದೆ ನಾನು. ಅವನು ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಬಾಗಿಲ ಮೇಲಿನ "ನಾಳೆ ಬಾ" ಒರೆಸಿ ಹಾಕಿದ. ಮುನಿರತ್ನಮ್ಮ ಬೇಡ ಬೇಡ ಅಂದರೂ ಕೇಳಲಿಲ್ಲ.

ನಾರ್ಕಂಡದಲ್ಲಿ ಅತ್ತೆ ಕಂಡಳಾ ಅಂತ ಆಮೇಲೆ ಶ್ಯಾಮಲಾನ ಕೇಳಿದೆ. "ಅಯ್ಯೋ ಹೋಗಣ್ಣ, ನಂಗೆ ಬೀಳದ್ರಲ್ಲೇ ಸಾಕಾಗಿತ್ತು," ಅಂದಳು. ಹನ್ನೊಂದು ಸಲ ಬಿದ್ದಳಂತೆ. ಹನ್ನೆರಡನೇ ಸಲ ಕೊನೇವರೆಗೂ ಹೋದಳಂತೆ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಕಂಡದ್ದನ್ನಷ್ಟೇ ಹೇಳಿ ಮುಗಿಸ್ತೀನಿ. ಅವಳು ಬರಬೇಕಾದ ಹಿಂದಿನ ದಿನ, ಅವಳ ರೈಲು ಇನ್ನೂ ನಾಗಪುರವನ್ನೇ ದಾಟಿರಲಿಲ್ಲ, ಬೆಳಿಗ್ಗೆ ಹಾಲು ಹಾಕೋಕೆ ಹೋದವನು ಬಾವಿಕಟ್ಟೆ ಮೇಲೆ ನೋಡಿದೆ. ಕೆಂಪು ಸ್ವೆಟರ್. ನೀಟಾಗಿ ಮಡಿಸಿಟ್ಟಿತ್ತು. ಎತ್ತಿಕೊಂಡೆ. ಎರಡು ತೋಳೂ ಮೊಣಕೈವರೆಗೆ ಒದ್ದೆ. ಬೆನ್ನಿನ ಉಣ್ಣೆಯಲ್ಲಿ ಸೂಜಿಯಂಥ ಎಲೆಗಳು ಸಿಕ್ಕಿಕೊಂಡಿದ್ದವು, ಮೂರು. ದೇವದಾರು ಎಲೆ. ನಮ್ಮ ಕಡೆ ಆ ಮರ ಇಲ್ಲ. ಈ ಕೈಯಲ್ಲೇ ಬಿಡಿಸಿದೆ.